ಅದು ಹೇಗೆ ಗೊತ್ತಾಯ್ತು ಸ್ವಾಮಿ?

ಗೈಡುಗಳ ಮೇಲಿನ ದೂರು ಇವತ್ತು ನಿನ್ನೆಯದಲ್ಲ. ಸುಮಾರು 1,900 ವರ್ಷಗಳ ಹಿಂದೆ ಗ್ರೀಸಿನ ಡೆಲ್ಫಿ ಕ್ಷೇತ್ರದಲ್ಲಿ ಅರ್ಚಕನಾಗಿದ್ದ ಪ್ಲೂಟಾರ್ಕ್ ಒಂದು ಸಂವಾದ ಬರೆದಿಟ್ಟಿದ್ದಾನೆ. ಪರಸ್ಥಳದಿಂದ ಬಂದ ತರುಣನೊಬ್ಬನಿಗೆ ಗುಡಿಯ ಆವರಣ ತೋರಿಸಲು ನಾಲ್ಕಾರು ಜನ ಹೊರಟಿದ್ದಾರೆ. ಊರಿನ ಗೈಡುಗಳು ಜೊತೆಗಿದ್ದಾರೆ. ಬಾಯಿಪಾಠ ಮಾಡಿಕೊಂಡದ್ದನ್ನು ಅವರು ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. ಸ್ವಲ್ಪ ಮೊಟಕು ಮಾಡಿ ಎಂದು ಬಂದವರು ಬೇಡಿಕೊಂಡರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ತರುಣನ ಕಣ್ಣು ಮಾತ್ರ ಬೇರೆ ಕಡೆಗಿದೆ. ಅಲ್ಲಿನ ಕಂಚಿನ ಪ್ರತಿಮೆಗಳ ಮೇಲೆ ನೀಲಿ ಛಾಯೆಯ ಹೊಳಪೊಂದು ಕೂತಿದೆ. ಹಿಂದಿನವರು ಲೋಹಕ್ಕೆ ಏನಾದರೂ ಬೆರೆಸುತ್ತಿದ್ದರೋ, ಇಲ್ಲಾ ಇದು ಡೆಲ್ಫಿಯ ಗಾಳಿಯ ಗುಣವೋ ಎಂಬುದು ಅವನ ಪ್ರಶ್ನೆ. ಗೈಡುಗಳ ಪಾಠದಲ್ಲಿ ಇದಕ್ಕೆ ಜಾಗವಿಲ್ಲ. ಜೊತೆಯಲ್ಲಿದ್ದ ತಿಳಿವಳಿಕಸ್ತರು ಅದನ್ನೇ ಹಿಡಿದುಕೊಂಡು ಗಾಳಿ, ಎಣ್ಣೆ, ತುಕ್ಕು ಎಂದು ವಾದಿಸುತ್ತಾ ಮೆಟ್ಟಿಲು ಹತ್ತುತ್ತಾರೆ.

ಪ್ಲೂಟಾರ್ಕನಿಗೂ 500 ವರ್ಷ ಹಿಂದಿನ ಇತಿಹಾಸಕಾರ ಹೆರೊಡೋಟಸ್‌ಗೆ ಸಿಕ್ಕವನು ಇನ್ನೂ ಗಟ್ಟಿಗ. ಈಜಿಪ್ಟಿನ ಮಹಾ ಪಿರಮಿಡ್ಡಿನ ಮೇಲೆ ಏನೋ ಬರೆದಿತ್ತಂತೆ. ಜೊತೆಗಿದ್ದ ದುಭಾಷಿ ಅದನ್ನು ಓದಿ, ಕೆಲಸಗಾರರು ತಿಂದ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗೆ 1,600 ತಾಲೆಂತು (ಅಂದಿನ ತೂಕದ ಅಳತೆ) ಬೆಳ್ಳಿ ಖರ್ಚಾಯಿತು ಎಂದು ಹೇಳಿದನಂತೆ. ಅವನಿಗೆ ಆ ಲಿಪಿ ಓದಲು ಬರುತ್ತಿತ್ತೇ ಎಂದು ವಿದ್ವಾಂಸರು ಇಂದಿಗೂ ಅನುಮಾನಪಡುತ್ತಾರೆ. ಪಾಪ, ಅವನಾದರೂ ಏನು ಮಾಡಿಯಾನು? ದೂರದೂರಿನಿಂದ ಬಂದವರು ಗೋಡೆಗೆ ಬೆರಳು ತೋರಿಸಿ ಏನಿದು ಎಂದು ಕೇಳಿದಾಗ ಗೊತ್ತಿಲ್ಲ ಎಂದರೆ ಅಂದಿನ ಕೂಲಿಗೆ ಕಲ್ಲು. ಈರುಳ್ಳಿ ಲೆಕ್ಕ ಹೇಳಿದ್ದಕ್ಕೆ ಅವನು ಇತಿಹಾಸದಲ್ಲಿ ಉಳಿದ, ಹೆಸರಿಲ್ಲದೆ.

ಹಾಗಾದರೆ ಗೈಡಿನ ಬದಲು ಆ ವಿಷಯವನ್ನೇ ಓದಿ, ಅಗೆದು, ಬರೆದು ಬದುಕು ಸವೆಸಿದವರನ್ನೇ ಕರೆದುಕೊಂಡು ಹೋದರೆ? ಈ ಆಲೋಚನೆಯನ್ನು ವ್ಯಾಪಾರವಾಗಿ ಬೆಳೆಸಿದ್ದು ಬ್ರಿಟಿಷರು. 20ನೆಯ ಶತಮಾನದ ಆರಂಭದಲ್ಲಿ ಹೆನ್ರಿ ಲನ್ ಎಂಬಾತ ಓದಿಕೊಂಡ ಪ್ರಯಾಣಿಕರ ಸಂಘ ಕಟ್ಟಿ ಗ್ರೀಸಿನ ಕಡೆಗೆ ಹಡಗು ಹೊರಡಿಸಿದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1954ರಲ್ಲಿ, ಸ್ವಾನ್ ಎಂಬ ತಂದೆ ಮಗ ಅದೇ ಮಾದರಿಗೆ ಮತ್ತೆ ಜೀವ ಕೊಟ್ಟರು. ಹಡಗು ದೊಡ್ಡ ಐಷಾರಾಮಿಯೇನಲ್ಲ. ಬಂದವರಲ್ಲಿ ಮೇಷ್ಟ್ರುಗಳು, ಪಾದ್ರಿಗಳು, ನಿವೃತ್ತರು ಬಹಳ. ರಾತ್ರಿ ಊಟ ಮುಗಿದ ಮೇಲೆ ಪ್ರಾಧ್ಯಾಪಕರೊಬ್ಬರು ಮರುದಿನ ನೋಡಲಿರುವ ಜಾಗದ ಬಗ್ಗೆ ಉಪನ್ಯಾಸ ಕೊಡಬೇಕು. ಬೆಳಿಗ್ಗೆ ಅದೇ ಕಲ್ಲುಗಳ ನಡುವೆ ನಿಂತು ಅದನ್ನೇ ಕಣ್ಣಿಗೆ ಕಾಣಿಸಬೇಕು. ಟಿಕೆಟ್ಟು, ಲಗೇಜು, ಊಟ, ಕಾಣೆಯಾದ ಟೋಪಿ, ಇವನ್ನೆಲ್ಲ ನೋಡಿಕೊಳ್ಳಲು ಬೇರೆಯವರು. ಇಂದಿಗೂ ಇಂಥ ಪ್ರವಾಸಗಳಲ್ಲಿ ಉಪನ್ಯಾಸಕ ಒಬ್ಬರು, ವ್ಯವಸ್ಥಾಪಕ ಇನ್ನೊಬ್ಬರು. ಈಗೀಗ ಪ್ರತಿಯೊಬ್ಬರ ಕಿವಿಗೂ ಒಂದು ಪುಟ್ಟ ರಿಸೀವರ್ ಸಿಕ್ಕಿಸುವುದರಿಂದ ಮೇಷ್ಟ್ರು ಗಂಟಲು ಹರಿದುಕೊಳ್ಳಬೇಕಿಲ್ಲ. ಗುಂಪಿನಿಂದ ನಾಲ್ಕು ಮಾರು ಆಚೆ ಜಾರಿ ಫೋಟೋ ತೆಗೆಯುವವರಿಗೂ ಪಾಠ ತಪ್ಪುವುದಿಲ್ಲ.

ಸ್ವಾನ್ ಹಡಗುಗಳಲ್ಲಿ ಹೆಚ್ಚು ಮಿಂಚಿದ ಉಪನ್ಯಾಸಕರು ಸರ್ ಮಾರ್ಟಿಮರ್ ವೀಲರ್. ನಮ್ಮ ಇತಿಹಾಸ ವಿದ್ಯಾರ್ಥಿಗಳಿಗೆ ಪರಿಚಿತ ಹೆಸರೇ. 1944ರಿಂದ 1948ರ ತನಕ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿದ್ದವರು. ತಕ್ಷಶಿಲೆ, ಅರಿಕಮೇಡು, ಹರಪ್ಪ, ಕೊನೆಗೆ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ, ನಾಲ್ಕೇ ವರ್ಷದಲ್ಲಿ ಇಷ್ಟನ್ನೂ ಅಗೆಸಿದ ಮನುಷ್ಯ. ಸೇನೆಯಿಂದ ನೇರ ಬಂದವರು, ಶಿಸ್ತೂ ಸೇನೆಯದೇ. ಗಿರಿಜಾ ಮೀಸೆ, ಕಂಚಿನ ಕಂಠ. ಊರಿಗೆ ಮರಳಿದ ಮೇಲೆ ಬಿಬಿಸಿಯ ಟೀವಿ ಕಾರ್ಯಕ್ರಮವೊಂದರಲ್ಲಿ ಕೂತು, ಕೈಗೆ ಕೊಟ್ಟ ಹಳೆಯ ವಸ್ತು ಯಾವುದು, ಎಲ್ಲಿಯದು ಎಂದು ಗುರುತಿಸುವ ಆಟ ಆಡುತ್ತಿದ್ದರು. 1954ರಲ್ಲಿ ಬ್ರಿಟನ್ನಿನ ವರ್ಷದ ಟೀವಿ ವ್ಯಕ್ತಿ ಎಂಬ ಗೌರವ ಅವರಿಗೆ ಬಂತು. ಒಬ್ಬ ಪುರಾತತ್ತ್ವಜ್ಞನಿಗೆ! ಇಂಥವರು ಹಡಗಿನ ಅಟ್ಟದ ಮೇಲೆ ನಿಂತರೆ ಜನ ಊಟ ಅರ್ಧಕ್ಕೆ ಬಿಟ್ಟು ಬಂದಿದ್ದರೂ ಆಶ್ಚರ್ಯವಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕತೆ ಸುಲಭವಾಗುತ್ತದೆ. ಗೈಡು ಕಟ್ಟುಕತೆ ಹೇಳುತ್ತಾನೆ, ಪರಿಣತರು ನಿಜ ಹೇಳುತ್ತಾರೆ, ಹಾಗಾಗಿ ದುಡ್ಡು ಹೆಚ್ಚು ಕೊಟ್ಟು ಪರಿಣತರ ಜೊತೆಗೇ ಹೋಗಿ. ಆದರೆ ವೀಲರ್ ಸಾಹೇಬರೇ ಈ ಸುಲಭದ ಕತೆಗೆ ಅಡ್ಡ ಬರುತ್ತಾರೆ.

ಇಂಗ್ಲೆಂಡಿನ ಡಾರ್ಸೆಟ್ಟಿನಲ್ಲಿ ಮೇಡನ್ ಕಾಸಲ್ ಎಂಬ ಭಾರೀ ಗುಡ್ಡದ ಕೋಟೆಯಿದೆ. ಅದನ್ನು ವೀಲರ್ 1934ರಿಂದ 1937ರವರೆಗೆ ಅಗೆದರು. ಅಗೆಯುವಾಗಲೇ ಜನರನ್ನು ಕರೆದರು. ಬಂದವರಿಗೆ ವಿವರಿಸಲು ಸಿಬ್ಬಂದಿಯನ್ನು ನಿಲ್ಲಿಸಿದರು, ಪೋಸ್ಟ್‌ಕಾರ್ಡ್ ಮಾರಿಸಿದರು; ರಾಶಿ ರಾಶಿ ಸಿಕ್ಕ ಕವಣೆ ಕಲ್ಲುಗಳನ್ನೂ ಬಂದವರು ದುಡ್ಡು ಕೊಟ್ಟು ಒಯ್ದರು. ಕೋಟೆಯ ಪೂರ್ವ ಬಾಗಿಲ ಬಳಿ ಗಾಯಗೊಂಡ ಅಸ್ಥಿಪಂಜರಗಳು ಸಿಕ್ಕಿದವು. ಒಂದರ ಬೆನ್ನುಮೂಳೆಯಲ್ಲಿ ಕಬ್ಬಿಣದ ಮೊನೆ ಸಿಕ್ಕಿಕೊಂಡೇ ಇತ್ತು. ವೀಲರ್ ಬರೆದರು: ಕ್ರಿ.ಶ. 43ರ ಸುಮಾರಿಗೆ ರೋಮನ್ ಸೇನೆ ಈ ಕೋಟೆಗೆ ಮುತ್ತಿಗೆ ಹಾಕಿತು, ಬಾಗಿಲ ಮುಂದಿನ ಗುಡಿಸಲುಗಳನ್ನು ಸುಟ್ಟಿತು, ಕೊಂದಿತು. ಬದುಕುಳಿದವರು ರಾತ್ರಿ ಕತ್ತಲಲ್ಲಿ ಅವಸರದಲ್ಲಿ ಸತ್ತವರನ್ನು ಹೂತರು. ಓದಿದರೆ ಮೈ ಜುಮ್ಮೆನ್ನುತ್ತದೆ. ಎಷ್ಟೋ ದಶಕ ಶಾಲಾಪುಸ್ತಕಗಳಲ್ಲಿ ಇದೇ ಕತೆ ಓಡಿತು. 1980ರ ದಶಕದಲ್ಲಿ ಅದೇ ಕೋಟೆಯನ್ನು ಮತ್ತೆ ಅಗೆದಾಗ ಅನುಮಾನ ಎದ್ದಿತು. 2025ರಲ್ಲಿ ಪ್ರಕಟವಾದ ಇಂಗಾಲ ಕಾಲಮಾಪನದ ಪ್ರಕಾರ ಅವರೆಲ್ಲ ಒಂದೇ ದಿನ ಸತ್ತವರಲ್ಲ. ಸಾವುಗಳು ದಶಕಗಳುದ್ದಕ್ಕೂ ಹರಡಿಕೊಂಡಿವೆ, ಬಹುಪಾಲು ರೋಮನ್ನರು ಬರುವುದಕ್ಕೆ ಮೊದಲೇ.

ಮೊಹೆಂಜೊದಾರೊದಲ್ಲಿ ಆದ ತಪ್ಪು ಇನ್ನೂ ದೊಡ್ಡದು. ಅಲ್ಲಿನ ಬೀದಿ, ಮನೆಗಳಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದ ಅಸ್ಥಿಪಂಜರಗಳನ್ನೂ ಋಗ್ವೇದದ ಪುರಂದರನನ್ನೂ (ಕೋಟೆ ಒಡೆಯುವ ಇಂದ್ರನನ್ನೂ) ಜೋಡಿಸಿ, 1947ರಲ್ಲಿ ವೀಲರ್ ಇಂದ್ರನನ್ನೇ ಕಟಕಟೆಗೆ ತಂದು ನಿಲ್ಲಿಸಿದರು. ಆರ್ಯರ ದಾಳಿ, ಕಗ್ಗೊಲೆ, ನಗರದ ಅಂತ್ಯ. 1964ರಲ್ಲಿ ಜಾರ್ಜ್ ಡೇಲ್ಸ್ ಎಂಬ ಅಮೆರಿಕದ ಪುರಾತತ್ತ್ವಜ್ಞ ಹಳೆಯ ಉತ್ಖನನ ವರದಿಗಳನ್ನು ಮುಂದಿಟ್ಟುಕೊಂಡು ಯಾವ ಮೂಳೆ ಯಾವ ಪದರದಲ್ಲಿತ್ತು ಎಂದು ನೋಡಿದರು. ಎಲ್ಲವೂ ಒಂದೇ ಕಾಲದವಲ್ಲ. ಕೋಟೆಯ ಭಾಗದಲ್ಲಿ ಯುದ್ಧದ ಕುರುಹೇ ಇಲ್ಲ. ಕೊಲೆ ನಡೆದದ್ದು ಮೊಹೆಂಜೊದಾರೊದಲ್ಲಲ್ಲ, ಬರವಣಿಗೆಯಲ್ಲಿ. ಇಂದ್ರ ಖುಲಾಸೆಯಾದ. ಆದರೆ ಕತೆಯ ಕಾಲು ಉದ್ದ. ಇಂದಿಗೂ ಅದು ಭಾಷಣಗಳಲ್ಲಿ ಓಡಾಡುತ್ತಲೇ ಇದೆ.

ಈಗ ಹೇಳಿ, ಈರುಳ್ಳಿ ಲೆಕ್ಕ ಹೇಳಿದ ದುಭಾಷಿಗೂ ಈ ಮಹಾನಿರ್ದೇಶಕರಿಗೂ ಏನು ವ್ಯತ್ಯಾಸ? ಇಬ್ಬರೂ ಕೇಳುಗರ ಬಾಯಿ ತೆರೆಸಿದವರು. ಇಬ್ಬರ ಮಾತನ್ನೂ ಈಗ ಹಾಗೇ ನಂಬುವಂತಿಲ್ಲ. ನನ್ನ ಪ್ರಕಾರ ವ್ಯತ್ಯಾಸ ಒಂದೇ, ಅದು ಸಣ್ಣದಲ್ಲ. ದುಭಾಷಿಯ ಮಾತನ್ನು ಪರೀಕ್ಷಿಸಲು ದಾರಿಯಿಲ್ಲ, ಅವನ ಮಾತು ಅವನೊಂದಿಗೇ ಹೋಯಿತು. ವೀಲರ್ ಮೂಳೆಗಳನ್ನು ಜೋಪಾನ ಮಾಡಿದರು, ಅವು ಎಲ್ಲಿ ಹೇಗೆ ಬಿದ್ದಿದ್ದವು ಎಂದು ನಕ್ಷೆ ಬರೆಸಿದರು, ವರದಿ ಅಚ್ಚು ಹಾಕಿಸಿದರು. ಮೇಡನ್ ಕಾಸಲ್ಲಿನ ಅವರ ಕತೆಯನ್ನು ಬೀಳಿಸಿದ್ದು ಅವರೇ ಅಗೆದು ಕಾಪಾಡಿದ ಮೂಳೆಗಳು. ತನ್ನ ಮಾತು ಸುಳ್ಳಾಗಲು ಬೇಕಾದ ಸಾಮಗ್ರಿಯನ್ನು ತಾನೇ ಒದಗಿಸಿ ಹೋಗುವವನು ಪರಿಣತ. ಸರಿ ಹೇಳುವುದು ಆಮೇಲಿನ ಮಾತು.

ಇದಕ್ಕೆ ನಮ್ಮ ನೆಲದ್ದೇ ಉದಾಹರಣೆ ಇದೆ. ಬ್ರಹ್ಮಗಿರಿ ಇರುವುದು ಮೊಳಕಾಲ್ಮೂರು ತಾಲೂಕಿನಲ್ಲಿ. ಮೈಸೂರಿನ ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು, ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರು, ಅಲ್ಲಿ ಮೊದಲು ಅಗೆಸಿದ್ದರು. 1947ರಲ್ಲಿ ವೀಲರ್ ಬಂದರು. ಅವರಿಗೆ ಬೇಕಿದ್ದದ್ದು ಚಿನ್ನವಲ್ಲ, ತಾರೀಖು. ದಕ್ಷಿಣ ಭಾರತದಲ್ಲಿ ಕಲ್ಲು ಕೊಡಲಿಯವರು ಯಾವಾಗ ಇದ್ದರು, ದೊಡ್ಡ ಬಂಡೆ ಹಾಸಿ ಸಮಾಧಿ ಕಟ್ಟಿದವರು ಯಾವಾಗ ಬಂದರು ಎಂದು ಹೇಳಲು ಅಲ್ಲಿಯವರೆಗೆ ಗಟ್ಟಿ ಆಧಾರವಿರಲಿಲ್ಲ. ಅವರ ಉಪಾಯ ನೋಡಿ. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯಲ್ಲಿ ತಯಾರಾದ ಕೆಂಪು ಹೊಳಪಿನ ತಟ್ಟೆ ಬಟ್ಟಲುಗಳ ಚೂರು ಸಿಕ್ಕಿದ್ದವು; ಅವುಗಳ ಕಾಲ ರೋಮನ್ ಇತಿಹಾಸದಿಂದ ಖಚಿತ. ಅದೇ ಪದರದಲ್ಲಿ ಒಳಬದಿಗೆ ಸಣ್ಣ ಸಣ್ಣ ಗೀಟುಗಳ ಸಾಲು ಮೂಡಿಸಿದ ಇನ್ನೊಂದು ಬಗೆಯ ಮಡಕೆಯೂ ಇತ್ತು. ಆ ಗೀಟುಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿತು. ಅಂದರೆ ಆ ಪದರ ಕ್ರಿ.ಶ. ಮೊದಲ ಶತಮಾನದ ಆಸುಪಾಸಿನದು. ಅದರ ಕೆಳಗಿನದು ಅದಕ್ಕಿಂತ ಹಳೆಯದು, ಇನ್ನೂ ಕೆಳಗಿನದು ಇನ್ನೂ ಹಳೆಯದು. ರೋಮಿನ ಊಟದ ತಟ್ಟೆಯಿಂದ ಮೊಳಕಾಲ್ಮೂರಿನ ಕಲ್ಲು ಕೊಡಲಿಗೆ ಲೆಕ್ಕ ಇಳಿಯಿತು.

ಎಂಥ ಸೊಗಸಾದ ತರ್ಕ! ಆದರೆ ಆ ತಾರೀಖುಗಳೂ ನಿಲ್ಲಲಿಲ್ಲ. ಕಲ್ಲು ಕೊಡಲಿಯವರನ್ನು ವೀಲರ್ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭಕ್ಕೆ ಇಟ್ಟಿದ್ದರು. ಇಂಗಾಲ ಕಾಲಮಾಪನ ಬಂದ ಮೇಲೆ ದಕ್ಷಿಣದ ನವಶಿಲಾಯುಗ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು. ಪದರಗಳ ಅನುಕ್ರಮ ಉಳಿಯಿತು, ವರ್ಷಗಳು ಬಿದ್ದವು. ಬ್ರಹ್ಮಗಿರಿಗೆ ಜನರನ್ನು ಕರೆದೊಯ್ಯುವ ಉಪನ್ಯಾಸಕರು ಯಾರಾದರೂ ಇದ್ದರೆ, ಹೇಳಬೇಕಾದದ್ದು ಬರೀ ಈಗಿನ ತಾರೀಖನ್ನಲ್ಲ. ಈ ಮೂರು ಮೆಟ್ಟಿಲನ್ನು. ಮೊದಲು ಏನೆಂದುಕೊಂಡಿದ್ದರು, ಯಾವ ಚೂರು ನೋಡಿ ಹಾಗೆಂದುಕೊಂಡರು, ಯಾವುದು ಅದನ್ನು ಅಲುಗಾಡಿಸಿತು. ಕೇಳುಗರು ಇಷ್ಟನ್ನು ಅರಗಿಸಿಕೊಳ್ಳಲಾರರು ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಪತ್ತೇದಾರಿ ಕಾದಂಬರಿಯನ್ನು ರಾತ್ರಿಯಿಡೀ ಓದುವ ಜನ ನಾವು.

ಇನ್ನು ಬೇಲೂರು. ಅಲ್ಲಿಗೆ ಹೋಗದ ಕನ್ನಡಿಗರು ಕಡಿಮೆ, ಜಕಣಾಚಾರಿಯ ಕತೆ ಕೇಳದೆ ವಾಪಸು ಬಂದವರು ಇನ್ನೂ ಕಡಿಮೆ. ಮಗ ಡಂಕಣ, ತಂದೆ ಆರಿಸಿದ ಕಲ್ಲಿನಲ್ಲಿ ದೋಷ ಹಿಡಿಯುವುದು, ಮೂರ್ತಿಗೆ ಗಂಧ ಬಳಿದಾಗ ಹೊಟ್ಟೆಯ ಭಾಗ ಒಣಗದೆ ಉಳಿಯುವುದು, ಉಳಿ ಇಟ್ಟರೆ ನೀರಿನೊಡನೆ ಕಪ್ಪೆ ಹೊರಬರುವುದು, ತಂದೆ ತನ್ನ ಕೈ ಕಡಿದುಕೊಳ್ಳುವುದು, ತುಮಕೂರಿನ ಕೈದಾಳದಲ್ಲಿ ಕೈ ಮರಳಿ ಬರುವುದು. 1964ರಲ್ಲಿ ಬಿ. ಎಸ್. ರಂಗಾ ಇದನ್ನೇ ಸಿನಿಮಾ ಮಾಡಿದರು, ಕನ್ನಡದ ಮೊದಲ ಪೂರ್ಣ ಬಣ್ಣದ ಚಿತ್ರ. ಜಕಣಾಚಾರಿ ಹೆಸರಿನಲ್ಲಿ ಸರ್ಕಾರದ ಪ್ರಶಸ್ತಿಯಿದೆ, ಸ್ಮರಣೆಯ ದಿನವೂ ಇದೆ. ಆದರೆ ಹೊಯ್ಸಳ ಗುಡಿಗಳ ಮೇಲೆ ಶಿಲ್ಪಿಗಳು ತಾವೇ ಕೆತ್ತಿಕೊಂಡ ಹೆಸರುಗಳಲ್ಲಿ ಮಾತ್ರ ಅವನಿಲ್ಲ.

ಕತೆಯನ್ನು ಹೇಳಬಾರದು ಎನ್ನುವ ಪಂಡಿತರ ಕಡೆ ನಾನಿಲ್ಲ. ತಂದೆಯ ಕಣ್ಣಿಗೆ ಬೀಳದ ದೋಷ ಮಗನಿಗೆ ಕಂಡದ್ದನ್ನು, ವಿದ್ಯೆಯ ಗರ್ವ ಕೈಯನ್ನೇ ಕೇಳಿದ್ದನ್ನು ನಮ್ಮ ಜನ ಇಷ್ಟು ಶತಮಾನ ಸುಮ್ಮನೆ ಹೇಳಿಕೊಂಡು ಬಂದಿಲ್ಲ. ಕತೆಯನ್ನು ಕತೆಯೆಂದೇ ಹೇಳಿ, ರಸವತ್ತಾಗಿ ಹೇಳಿ. ಆಮೇಲೆ ಬಂದವರನ್ನು ಹೊರಗೋಡೆಯ ಹತ್ತಿರ ಕರೆದೊಯ್ದು ಸೂರಿನ ಕೆಳಗಿನ ಮದನಿಕೆಯರನ್ನು ತೋರಿಸಿ. ಅವರ ಪೀಠದಲ್ಲಿ ಹಳಗನ್ನಡ ಅಕ್ಷರಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆಯೆಂದರೆ ಇಂದಿನ ಶಿಕಾರಿಪುರ ತಾಲೂಕಿನ ಊರು. ಅಲ್ಲಿಂದ ಅಪ್ಪ ಮಗ ಕೆಲಸಕ್ಕೆ ಬೇಲೂರಿಗೆ ಬಂದಿದ್ದಾರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಯ ಮೇಲೆ ರಾಜನ ಹೆಸರಿನಷ್ಟೇ ಗಟ್ಟಿಯಾಗಿ ತಮ್ಮ ಹೆಸರು ಕೊರೆದಿದ್ದಾರೆ, ಜೊತೆಗೆ ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳನ್ನೂ. ಅಪ್ಪ ಮಗ ಶಿಲ್ಪಿಗಳ ಕತೆ ಬೇಕಿದ್ದರೆ ಇಗೋ, ಕಲ್ಲಿನಲ್ಲೇ ಇದೆ. ಕಪ್ಪೆಯೊಂದು ಇಲ್ಲ ಅಷ್ಟೆ.

ಷ. ಶೆಟ್ಟರ್ ಅವರಂಥ ವಿದ್ವಾಂಸರು ಈ ಸಹಿಗಳನ್ನು ಗುಡಿ ಗುಡಿ ಅಲೆದು ಓದಿ, ಯಾವ ಶಿಲ್ಪಿ ಎಲ್ಲಿಂದ ಎಲ್ಲಿಗೆ ಹೋದ ಎಂದು ಬಿಡಿಸಿಟ್ಟಿದ್ದಾರೆ. ಅದರಿಂದ ಹೊರಡುವ ಪ್ರಶ್ನೆಗಳು ಪ್ರವಾಸಿಗರಿಗೆ ಹೇಳಿ ಮಾಡಿಸಿದಂಥವು. ರೂವಾರಿ ಮಲ್ಲಿತಮ್ಮನನ್ನೇ ತೆಗೆದುಕೊಳ್ಳಿ. ಸೋಮನಾಥಪುರದಲ್ಲಿ ನಲವತ್ತರ ಆಸುಪಾಸಿನ ಶಿಲ್ಪಗಳ ಕೆಳಗೆ ಅವನ ಸಹಿಯಿದೆ. ಬೇಸರವಾದಾಗಲೋ ಏನೋ ಮಲ್ಲಿ ಎಂದು, ಬರೀ ಮ ಎಂದು ಮುಗಿಸಿದ್ದೂ ಉಂಟು. ಆ ಗುಡಿ 1268ರದು. ಮಲ್ಲಿತಮ್ಮನ ಸಹಿ ತರೀಕೆರೆ ಹತ್ತಿರದ ಅಮೃತಾಪುರದ ಗುಡಿಯಲ್ಲೂ ಸಿಗುತ್ತದೆ, ಅದು 1196ರದು. ಮಧ್ಯೆ 72 ವರ್ಷ. ಒಬ್ಬನೇ ಮನುಷ್ಯ ಹದಿಹರೆಯದಲ್ಲಿ ಉಳಿ ಹಿಡಿದು ತೊಂಬತ್ತರ ಹತ್ತಿರದವರೆಗೂ ಬಡಿದನೇ? ಅಥವಾ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟರೇ? ನಮ್ಮ ಮನೆಗಳಲ್ಲಿ ಈಗಲೂ ಇಡುವುದಿಲ್ಲವೇ? ಇಲ್ಲಾ ದೊಡ್ಡ ಶಿಲ್ಪಿಯ ಹೆಸರನ್ನು ಅವನ ಶಿಷ್ಯರು ಬಳಸಿದರೇ? ಇದನ್ನು ಕೇಳಲು ಇತಿಹಾಸದಲ್ಲಿ ಎಂ.ಎ. ಬೇಕಿಲ್ಲ, ಕಳೆಯುವ ಲೆಕ್ಕ ಬಂದರೆ ಸಾಕು. ಅಮೃತಾಪುರದ ಶೈಲಿಗೂ ಸೋಮನಾಥಪುರದ ಶೈಲಿಗೂ ಹೋಲಿಸಿ ಪಕ್ಷ ಹಿಡಿಯಲು ಮಾತ್ರ ಕಣ್ಣು ಪಳಗಬೇಕು. ಪರಿಣತರ ಕೆಲಸ ಅಲ್ಲಿಂದ ಶುರು.

ಹಂಪಿಯಲ್ಲೂ ಹೀಗೆಯೇ. 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ 6.7 ಮೀಟರ್ ಎತ್ತರದ ನರಸಿಂಹನ ಮುಂದೆ ನಿಂತವರಿಗೆ ಕೇಳಿಸುವುದು ಉಗ್ರನರಸಿಂಹ ಎಂಬ ಹೆಸರು. ಉಬ್ಬಿದ ಕಣ್ಣು, ಬಾಯಿ ನೋಡಿದರೆ ಯಾರಾದರೂ ನಂಬುತ್ತಾರೆ. ಬಲ್ಲವರು ಮೂರ್ತಿಯ ಬೆನ್ನಿನ ಕಡೆ ಸುತ್ತಿ ಬರಲು ಹೇಳುತ್ತಾರೆ. ಅಲ್ಲಿ ಒಂದು ಪುಟ್ಟ ಹೆಣ್ಣುಕೈ ಇನ್ನೂ ಅಂಟಿಕೊಂಡಿದೆ, ತೊಡೆಯ ಮೇಲೆ ಕೂತು ಗಂಡನನ್ನು ಬಳಸಿದ್ದ ಲಕ್ಷ್ಮಿಯದು. ಅವಳ ಮೈ ಒಡೆದು ಹೋಗಿದೆ, ಕೈ ಉಳಿದಿದೆ. ಒಂದು ಸುತ್ತು ಹಾಕಿದರೆ ಉಗ್ರ ಹೋಗಿ ಗೃಹಸ್ಥನಾಗುತ್ತಾನೆ. ಇದಕ್ಕೆ ಭಾಷಣವೇ ಬೇಡ.

ಹಾಗೆಂದು ಗೈಡುಗಳನ್ನು ಬೈಯುವುದು ಅನ್ಯಾಯ. ಪ್ರವಾಸೋದ್ಯಮ ಇಲಾಖೆಯ ತರಬೇತಿ ಪಡೆದು, ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು, ಬಿಸಿಲಲ್ಲಿ ದಿನಕ್ಕೆ ನಾಲ್ಕೈದು ಗುಂಪಿನ ಮುಂದೆ ಅದೇ ಮಾತಾಡುವ ಇವರಲ್ಲಿ ಪ್ರಾಧ್ಯಾಪಕರಿಗಿಂತ ಚೆನ್ನಾಗಿ ಕಲ್ಲು ಬಲ್ಲವರೂ ಇದ್ದಾರೆ. ಪ್ರತಿದಿನ ನೋಡುವ ಕಣ್ಣು ಅದು. ಬೆಳಗಿನ ಬೆಳಕಿನಲ್ಲಿ ಯಾವ ಶಾಸನದ ಅಕ್ಷರ ಎದ್ದು ಕಾಣುತ್ತದೆ, ಮಳೆಗಾಲದಲ್ಲಿ ಎಲ್ಲಿ ನೀರು ಸೋರುತ್ತದೆ ಎಂಬುದು ಅವರಿಗೆ ಗೊತ್ತು. ಅಡ್ಡಿಯಾಗಿರುವುದು ನಾವು. ಬೆಂಗಳೂರಿನಿಂದ ನಸುಕಿನಲ್ಲಿ ಹೊರಟು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ರಾತ್ರಿ ಮನೆ ಸೇರಬೇಕೆಂದು ಹಟ ಹಿಡಿದವರಿಗೆ ಗೈಡು ಏನು ತಾನೇ ಹೇಳಿಯಾನು? ಮುಕ್ಕಾಲು ಗಂಟೆಯಲ್ಲಿ ಹಿಡಿಸುವುದು ಕಪ್ಪೆಯ ಕತೆ ಮಾತ್ರ. ದಾಸೋಜನಿಗೆ ಅರ್ಧ ದಿನ ಬೇಕು.

ಪರಿಣತರಿಗೂ ಒಂದು ಕಾಯಿಲೆಯುಂಟು, ಅದನ್ನು ಮುಚ್ಚಿಡಬಾರದು. ಮೈಕು ಕೈಗೆ ಸಿಕ್ಕರೆ ಕೆಲವರು ವಂಶವೃಕ್ಷಕ್ಕೆ ಏರಿಬಿಡುತ್ತಾರೆ. ಇಮ್ಮಡಿ, ಮುಮ್ಮಡಿ, ಅವನ ತಮ್ಮ, ಆ ಯುದ್ಧ, ಈ ದತ್ತಿ. ಕೇಳುವವರು ನೆರಳು ಹುಡುಕುತ್ತಾ ಒಬ್ಬೊಬ್ಬರೇ ಕರಗುತ್ತಾರೆ. ಇನ್ನು ಕೆಲವರು ಅಲ್ಲಿ ಎದುರಿಗಿಲ್ಲದ್ದನ್ನೇ ವಿವರಿಸುತ್ತಾರೆ; ಅದಕ್ಕೆ ಅಷ್ಟು ದೂರ ಬರಬೇಕಿರಲಿಲ್ಲ, ಮನೆಯಲ್ಲೇ ಪುಸ್ತಕ ತೆಗೆಯಬಹುದಿತ್ತು. ಜಾಗದಲ್ಲಿ ನಿಂತು ಪಾಠ ಮಾಡುವವರು ಬೆರಳಿಟ್ಟು ತೋರಿಸಲಾಗದ ವಾಕ್ಯವನ್ನು ಆದಷ್ಟು ಕಡಿಮೆ ಆಡಬೇಕು. ಇದು ಕಷ್ಟದ ಶಿಸ್ತು. ವೀಲರ್ ಅವರಿಗೇ ಆಗಲಿಲ್ಲ.

ವಿದೇಶದ ಉಪನ್ಯಾಸ ಪ್ರವಾಸಗಳ ಶುಲ್ಕ ನಮ್ಮ ಸಂಬಳದಾರರ ಕೈಗೆ ಎಟುಕುವಂಥದಲ್ಲ, ಆ ಮಾತು ಬಿಡಿ. ನಮ್ಮಲ್ಲಿ ಆ ಕೆಲಸ ಮಾಡಬಲ್ಲವರು ಹೈಸ್ಕೂಲು, ಕಾಲೇಜುಗಳ ಇತಿಹಾಸದ ಮೇಷ್ಟ್ರುಗಳು, ಟೀಚರುಗಳು. ಶೈಕ್ಷಣಿಕ ಪ್ರವಾಸ ಎಂಬ ಪದ್ಧತಿ ಇದ್ದೇ ಇದೆ. ಆದರೆ ಅದರಲ್ಲಿ ಮೇಷ್ಟ್ರ ಪಾಲಿಗೆ ಬರುವುದು ತಲೆ ಎಣಿಸುವುದು, ವಾಂತಿ ಮಾಡುವ ಹುಡುಗನನ್ನು ಕಿಟಕಿ ಪಕ್ಕ ಕೂರಿಸುವುದು, ಚಿತ್ರಾನ್ನ ಸಾಲುತ್ತದೆಯೇ ಎಂದು ನೋಡುವುದು. ಆ ಲಗೇಜು, ಊಟದ ಕೆಲಸಕ್ಕೆ ಬೇರೊಬ್ಬರನ್ನು ಹಾಕಿ ಇತಿಹಾಸದ ಮೇಷ್ಟ್ರ ಕೈ ಬಿಡಿಸಿಕೊಟ್ಟರೆ ಅರ್ಧ ಕೆಲಸ ಆದಂತೆ. ಸ್ವಾನ್ ಹಡಗಿನಿಂದ ನಾವು ಕಲಿಯಬಹುದಾದದ್ದು ಇದೊಂದೇ ಎಂದು ಬೇಕಾದರೂ ಹೇಳುತ್ತೇನೆ.

ಚಿತ್ರದುರ್ಗ, ಬಳ್ಳಾರಿ ಕಡೆಯ ಶಾಲೆಗಳು ಬ್ರಹ್ಮಗಿರಿಯಿಂದಲೇ ಶುರು ಮಾಡಬಹುದು. 1892ರಲ್ಲಿ ಬಿ. ಎಲ್. ರೈಸ್ ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಗುರುತಿಸುವುದಕ್ಕೂ ಮೊದಲೇ ಹಳ್ಳಿಯವರು ಅದನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಇಸಿಲ ಎಂಬ ಪಟ್ಟಣದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬಂಡೆ ಸವೆದಿದೆ, ಆದ್ದರಿಂದ ಪಡಿಯಚ್ಚಿನ ಒಂದು ಪ್ರತಿ ಕೈಯಲ್ಲಿರಬೇಕು. ಏನನ್ನೂ ವಿವರಿಸದೆ ಅದನ್ನು ಮಕ್ಕಳ ಮುಂದೆ ಹರಡಿ, ಇದರಲ್ಲಿ ಉಳಿದವುಗಳ ಜಾತಿಗೆ ಸೇರದ ಅಕ್ಷರಗಳು ಎಲ್ಲಿವೆ ಹುಡುಕಿ ಎನ್ನಬೇಕು. ಓದಲು ಬಾರದ ಮಗುವೂ ಹುಡುಕುತ್ತದೆ: ಕೊನೆಯ ಒಂದು ಪದ ಬೇರೆ. ಬರೆದವನ ಹೆಸರು ಚಪಡ. ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ಇಂದಿನ ಪಾಕಿಸ್ತಾನದ ವಾಯವ್ಯ ಮೂಲೆಯ ಕಡೆ. ಅಲ್ಲಿಯವನು ಇಲ್ಲಿಗೆ ಬಂದನೇ, ಅಥವಾ ಅಲ್ಲಿ ಕಲಿತ ಇಲ್ಲಿಯವನೇ? ಎರಡು ಲಿಪಿ ಬರುತ್ತದೆಂದು ಮೇಲಿನ ಅಧಿಕಾರಿಗೆ ತೋರಿಸಿಕೊಂಡನೇ? ಸಿದ್ದಾಪುರ, ಜಟಿಂಗ ರಾಮೇಶ್ವರ ಎರಡೂ ಹತ್ತಿರದಲ್ಲೇ ಇವೆ, ಎರಡರಲ್ಲೂ ಅವನದೇ ಸಹಿ. ಮಧ್ಯಾಹ್ನದ ಊಟಕ್ಕೆ ಮೊದಲು ಮೂರನ್ನೂ ನೋಡಿ, ಮಕ್ಕಳು ಏನೆನ್ನುತ್ತಾರೆ ಎಂದು ಮೇಷ್ಟ್ರು ಸುಮ್ಮನೆ ಕೇಳಿಸಿಕೊಳ್ಳಲಿ.